ಉಳಿದದ್ದೆಷ್ಟು?

ನಮ್ಮ ದೇವಸ್ಥಾನಗಳ ಸೇವಾ ಪಟ್ಟಿಯಲ್ಲಿ ಕುಂಕುಮಾರ್ಚನೆ, ಪಂಚಾಮೃತ ಅಭಿಷೇಕಗಳ ಕೆಳಗೆ ಎಲ್ಲೋ ಒಂದೆಡೆ ‘ಶಾಶ್ವತ ಪೂಜೆ’ ಎಂಬ ಸಾಲು ಇರುತ್ತದೆ. ಒಂದು ಸಲ ಇಡುಗಂಟು ಕಟ್ಟಿದರೆ ಆಯಿತು; ವರ್ಷಕ್ಕೊಮ್ಮೆ ನೀವು ಹೇಳಿದ ದಿನ, ನಿಮ್ಮ ಹೆಸರು, ಗೋತ್ರ, ನಕ್ಷತ್ರ ಹೇಳಿ ಪೂಜೆ ಮಾಡುತ್ತಾರೆ. ಎಷ್ಟು ವರ್ಷ ಎಂದು ರಸೀದಿಯಲ್ಲಿ ಬರೆದಿರುವುದಿಲ್ಲ. ಮುಗಿಯುವುದೇ ಇಲ್ಲದ ಖರ್ಚಿಗೆ ಇವತ್ತೇ ಎಣಿಸಿ ಕೊಡಬಹುದಾದ ಒಂದು ಮೊತ್ತ ಇದೆ ಎನ್ನುವುದು ಇಲ್ಲಿಯ ನಂಬಿಕೆ. ದೇವರ ಮೇಲಿನ ನಂಬಿಕೆಗಿಂತ ಇದು ಬೇರೆ. ಇದನ್ನು ಪೆನ್ನು ಹಿಡಿದು ಪರೀಕ್ಷಿಸಬಹುದು.

ಪೂಜೆಯ ಖರ್ಚು ವರ್ಷಕ್ಕೆ ನೂರು ರೂಪಾಯಿ, ಬ್ಯಾಂಕಿನ ಬಡ್ಡಿ ಶೇ 8 ಎಂದಿಟ್ಟುಕೊಳ್ಳೋಣ. ಮುಂದಿನ ವರ್ಷದ ಪೂಜೆಗೆ ಇವತ್ತು 92.59 ರೂಪಾಯಿ ಇಟ್ಟರೆ ಸಾಕು, ಬಡ್ಡಿ ಸೇರಿ ನೂರಾಗುತ್ತದೆ. ಅದರ ಮರುವರ್ಷದ್ದಕ್ಕೆ 85.73, ಆಮೇಲಿನದ್ದಕ್ಕೆ 79.38. ಈ ಅಂಕಿಗಳನ್ನು ಕೊನೆಯಿಲ್ಲದೆ ಕೂಡುತ್ತ ಹೋದರೆ ಮೊತ್ತ 1,250 ರೂಪಾಯಿಯನ್ನು ಮೀರುವುದಿಲ್ಲ. ‘ಅಸಲು ಮುಟ್ಟದೆ ಬಡ್ಡಿಯಲ್ಲೇ ನಡೆಸುತ್ತೇವೆ’ ಎಂದು ಆಡಳಿತದವರು ಹೇಳುವ ಮಾತನ್ನೇ ಗಣಿತ ಅನಂತ ಶ್ರೇಢಿಯ ರೂಪದಲ್ಲಿ ಹೇಳುತ್ತದೆ. ಈ 1,250ರಲ್ಲಿ ಮೊದಲ ಐವತ್ತು ವರ್ಷಗಳ ಪಾಲು ಸುಮಾರು 1,223 ರೂಪಾಯಿ. ಅಲ್ಲಿಂದಾಚೆಗಿನ ಸಮಸ್ತ ಕಾಲದ ಪಾಲು 27 ರೂಪಾಯಿ.

ಈಗ ಎಣ್ಣೆ, ಹೂವು, ಅರ್ಚಕರ ಸಂಬಳ ಎಲ್ಲ ಸೇರಿ ಖರ್ಚು ವರ್ಷಕ್ಕೆ ಶೇ 6ರಂತೆ ಏರುತ್ತದೆ ಅನ್ನಿ. ಮೊತ್ತಕ್ಕೆ ಈಗಲೂ ಮಿತಿ ಇದೆ, ಆದರೆ ಅದು 5,000 ರೂಪಾಯಿ. ಐವತ್ತು ವರ್ಷದಾಚೆಯ ಪಾಲು 27ರಿಂದ ಸುಮಾರು 1,960ಕ್ಕೆ ಜಿಗಿದಿದೆ. ಬೆಲೆ ಏರಿಕೆ ಬಡ್ಡಿಯನ್ನು ಸರಿಗಟ್ಟಿದ ದಿನ ಯಾವ ಇಡುಗಂಟೂ ಸಾಲದು. ಮೂರು ಶ್ರೇಢಿಗಳೂ ನೋಡಲು ಅಣ್ಣತಮ್ಮಂದಿರಂತಿವೆ. ಮೂರನೆಯದು ಮಾತ್ರ ಕಾಲೇಜಿನ ಭಾಷೆಯಲ್ಲಿ ಕನ್ವರ್ಜ್ ಆಗುವುದಿಲ್ಲ. ಮೊದಲೆರಡು ಆಗುತ್ತವೆ, ಪರೀಕ್ಷೆಯಲ್ಲಿ ಎರಡಕ್ಕೂ ಒಂದೇ ಅಂಕ. ದೇವಸ್ಥಾನದ ಲೆಕ್ಕಿಗನಿಗೆ ಆ ಎರಡರ ನಡುವಿನ ಅಂತರ ಬಹಳ ದೊಡ್ಡದು.

ಅನಂತ ಶ್ರೇಢಿಗಳಿಂದ ಏನು ಉಪಯೋಗ ಎಂದು ಕೇಳುವವರಿಗೆ ಸಾಮಾನ್ಯವಾಗಿ ಒಂದು ಪಟ್ಟಿ ಸಿಗುತ್ತದೆ: ಭೌತವಿಜ್ಞಾನ, ಎಂಜಿನಿಯರಿಂಗ್, ಕಂಪ್ಯೂಟರ್, ಹಣಕಾಸು. ಪಟ್ಟಿ ಸುಳ್ಳಲ್ಲ, ಆದರೆ ಅದರಿಂದ ವಿಷಯ ತಿಳಿಯುವುದಿಲ್ಲ. ಅನಂತ ಪದಗಳನ್ನು ಯಾರೂ ಯಾವತ್ತೂ ಕೂಡಿಲ್ಲ. ಬಳಸಿದವರೆಲ್ಲ ಎಲ್ಲೋ ನಿಲ್ಲಿಸಿದವರೇ. ಆದ್ದರಿಂದ ಶ್ರೇಢಿಯ ಉಪಯೋಗ ಇರುವುದು ಕೂಡಿದ ಪದಗಳಲ್ಲಿ ಅಷ್ಟಾಗಿ ಅಲ್ಲ, ಕೂಡದೆ ಬಿಟ್ಟವುಗಳ ಬಗ್ಗೆ ನಮಗೆ ಏನು ಗೊತ್ತಿದೆ ಎಂಬುದರಲ್ಲಿ ಎಂದು ನನ್ನ ವಾದ. ಆ ಉಳಿಕೆಯ ಲೆಕ್ಕವನ್ನು ನಮ್ಮ ತರಗತಿಗಳು ಅಡಿಟಿಪ್ಪಣಿಯ ಮಟ್ಟಕ್ಕೆ ಇಳಿಸಿಬಿಟ್ಟಿವೆ.

ಇದು ಹೊಸ ವಾದವೇನಲ್ಲ. ಆರು ಶತಮಾನಗಳ ಹಿಂದೆ ಕೇರಳದಲ್ಲಿ ಇದನ್ನು ಮಾಡಿ ತೋರಿಸಿದ್ದರು. ಸಂಗಮಗ್ರಾಮದ ಮಾಧವ ಹದಿನಾಲ್ಕನೆಯ ಶತಮಾನದ ಮಧ್ಯದಿಂದ ಹದಿನೈದನೆಯ ಶತಮಾನದ ಮೊದಲ ಭಾಗದವರೆಗೆ ಬದುಕಿದ್ದವನು. ಅವನ ಮುಖ್ಯ ಗಣಿತ ಕೃತಿಗಳು ಉಳಿದಿಲ್ಲ; ನೀಲಕಂಠ ಸೋಮಯಾಜಿ, ಜ್ಯೇಷ್ಠದೇವ ಮೊದಲಾದ ಪರಂಪರೆಯವರು ಅವನ ಹೆಸರು ಹೇಳಿ ಉಳಿಸಿಕೊಂಡದ್ದೇ ನಮಗೆ ಸಿಕ್ಕಿರುವುದು. ವ್ಯಾಸ ಒಂದು ಇರುವ ವೃತ್ತದ ಪರಿಧಿ 4 − 4/3 + 4/5 − 4/7 + … ಎಂದು ಅಂತ್ಯವಿಲ್ಲದೆ ಸಾಗುತ್ತದೆ ಎನ್ನುವುದು ಅವರ ಸೂತ್ರ. ಯುರೋಪಿನಲ್ಲಿ ಇದೇ ಶ್ರೇಢಿ ಹದಿನೇಳನೆಯ ಶತಮಾನದಲ್ಲಿ ಲೈಬ್ನಿಟ್ಸ್ ಹೆಸರಿಗೆ ಸೇರಿತು. ಯಾರು ಮೊದಲು ಎಂಬ ಜಗಳದಲ್ಲಿ ನಮ್ಮವರು ಸಾಕಷ್ಟು ಉಸಿರು ಖರ್ಚು ಮಾಡಿದ್ದಾರೆ. ಆ ಭರದಲ್ಲಿ ಮಾಧವನ ನಿಜವಾದ ಹೆಚ್ಚುಗಾರಿಕೆ ಕಣ್ಣಿಗೆ ಬೀಳದೆ ಹೋಗಿದೆ.

ಏಕೆಂದರೆ ಈ ಶ್ರೇಢಿ, ಇದ್ದ ಹಾಗೆ, ಯಾವ ಕೆಲಸಕ್ಕೂ ಬಾರದ್ದು. ಹತ್ತು ಪದ ಕೂಡಿದರೆ 3.04184 ಬರುತ್ತದೆ, ಎರಡನೆಯ ಅಂಕಿಯೇ ತಪ್ಪು. ಎಷ್ಟು ಪದ ಕೂಡಿದ್ದೀರೋ ಅಷ್ಟರಿಂದ ಒಂದನ್ನು ಭಾಗಿಸಿದಷ್ಟು ತಪ್ಪು ಉಳಿದೇ ಇರುತ್ತದೆ. ನೂರು ಪದಕ್ಕೆ ನೂರರಲ್ಲೊಂದು, ಸಾವಿರಕ್ಕೆ ಸಾವಿರದಲ್ಲೊಂದು. ಹತ್ತು ದಶಮಾಂಶ ಸ್ಥಾನ ಸರಿ ಬರಬೇಕಾದರೆ ಸಾವಿರ ಕೋಟಿಯಷ್ಟು ಪದ ಬೇಕು. ಸೆಕೆಂಡಿಗೊಂದರಂತೆ ಹಗಲಿರುಳೂ ಕೂಡಿದರೂ ಮುನ್ನೂರು ವರ್ಷ ಮೀರುತ್ತದೆ. ಗ್ರಹಣದ ಗಳಿಗೆ ಹೇಳಬೇಕಾದ ಜ್ಯೋತಿಷಿಗೆ ಅಷ್ಟು ಪುರುಸೊತ್ತಿಲ್ಲ.

ಅವರು ಹಿಡಿದ ದಾರಿ ಸೊಗಸಾದದ್ದು. ಕೂಡುವುದನ್ನು ಎಲ್ಲಿ ಬೇಕಾದರೂ ನಿಲ್ಲಿಸಿ, ನಿಲ್ಲಿಸಿದ ಕಡೆ ಒಂದು ತಿದ್ದುಪಡಿ ಸೇರಿಸಿ. ಎಂಥ ತಿದ್ದುಪಡಿ? ಜ್ಯೇಷ್ಠದೇವ ಹದಿನಾರನೆಯ ಶತಮಾನದಲ್ಲಿ ಮಲಯಾಳದಲ್ಲೇ ಬರೆದ ‘ಯುಕ್ತಿಭಾಷಾ’ದಲ್ಲಿ ಅದರ ತರ್ಕ ಇದೆ. ತಿದ್ದುಪಡಿ ನಿಜಕ್ಕೂ ಸರಿಯಾಗಿದ್ದರೆ ಒಂದು ಪದ ಮೊದಲೇ ನಿಲ್ಲಿಸಿ ತಿದ್ದಿದರೂ, ಇನ್ನೊಂದು ಪದ ಮುಂದೆ ಹೋಗಿ ತಿದ್ದಿದರೂ ಉತ್ತರ ಒಂದೇ ಬರಬೇಕು. ಈ ಒಂದು ಷರತ್ತನ್ನು ಹಿಡಿದು ಅವರು ಮೊದಲು ಒರಟಾದ ತಿದ್ದುಪಡಿ ಕಂಡುಕೊಂಡರು, ಷರತ್ತು ಎಷ್ಟರಮಟ್ಟಿಗೆ ತಪ್ಪುತ್ತದೆ ಎಂದು ಅಳೆದರು, ಆ ಅಳತೆಯಿಂದ ಇನ್ನೂ ನಯವಾದದ್ದಕ್ಕೆ ಹೋದರು. ಹತ್ತು ಪದಗಳ ಆ ಕೆಟ್ಟ ಉತ್ತರಕ್ಕೆ ಮೊದಲನೆಯ ತಿದ್ದುಪಡಿ ಹತ್ತರಲ್ಲೊಂದು: 3.14184. ಎರಡನೆಯದು 40/401, ಅದನ್ನು ಹಾಕಿದರೆ 3.141590. ಮೂರನೆಯದು 404/4050: 3.1415927. ಹತ್ತೇ ಪದ, ಒಂದು ಭಿನ್ನರಾಶಿ, ಆರು ದಶಮಾಂಶ ಸ್ಥಾನ ಸರಿ. ಅಷ್ಟು ನಿಖರತೆಗೆ ಬರೀ ಕೂಡುತ್ತ ಹೋಗಿದ್ದರೆ ಕೋಟಿಗಟ್ಟಲೆ ಪದ ಬೇಕಾಗುತ್ತಿತ್ತು. ಮಾಧವನದೆಂದು ನೀಲಕಂಠ ದಾಖಲಿಸಿರುವ ಪರಿಧಿಯ ಬೆಲೆಯಲ್ಲಿ, ಒಂಬತ್ತರ ಮುಂದೆ ಹನ್ನೊಂದು ಸೊನ್ನೆ ಹಾಕಿದಷ್ಟು ವ್ಯಾಸಕ್ಕೆ 2827433388233, ಹತ್ತು ದಶಮಾಂಶ ಸ್ಥಾನ ಸರಿಯಾಗಿವೆ.

ಶ್ರೇಢಿಯನ್ನು ಕಂಡುಹಿಡಿದದ್ದು ಜಾಣತನ. ಅದು ನಿಧಾನದ್ದು ಎಂದು ಒಪ್ಪಿಕೊಂಡು ಉಳಿಕೆಯನ್ನೇ ಗಣಿತದ ವಸ್ತುವಾಗಿ ಮಾಡಿಕೊಂಡದ್ದು ಅದಕ್ಕಿಂತ ದೊಡ್ಡದು ಎಂದು ನನಗನ್ನಿಸುತ್ತದೆ. ಅದೇ ಪರಂಪರೆ ವೇಗದ ಶ್ರೇಢಿಯನ್ನೂ ಕಟ್ಟಿತು: ಹನ್ನೆರಡರ ವರ್ಗಮೂಲವನ್ನು ಮುಂದಿಟ್ಟುಕೊಂಡು ಪ್ರತಿ ಪದವೂ ಮೂರು ಪಟ್ಟಿಗಿಂತ ಹೆಚ್ಚು ಕುಗ್ಗುವ ಹಾಗೆ. ಅದರಲ್ಲಿ ಇಪ್ಪತ್ತೊಂದು ಪದಕ್ಕೇ ಸಾವಿರ ಕೋಟಿಯ ಕೆಲಸ ಮುಗಿಯುತ್ತದೆ. ಕಾಲು ವೃತ್ತವನ್ನು ಇಪ್ಪತ್ತನಾಲ್ಕು ಭಾಗ ಮಾಡಿ ಅವರು ಕೊಟ್ಟ ಜ್ಯಾ ಕೋಷ್ಟಕವೂ ಅಂಥದೇ. ಇವತ್ತು ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ ನಾವು ಒತ್ತುವ ಸೈನ್ ಗುಂಡಿಯ ಹಿಂದಿನ ಶ್ರೇಢಿ ಅವರಿಗೆ ಗೊತ್ತಿತ್ತು: ಕೋನವನ್ನು ರೇಡಿಯನ್‌ನಲ್ಲಿ ತೆಗೆದುಕೊಳ್ಳಿ, ಅದರ ಘನದ ಆರನೇ ಒಂದನ್ನು ಕಳೆಯಿರಿ, ಐದನೇ ಘಾತದ ನೂರಿಪ್ಪತ್ತನೇ ಒಂದನ್ನು ಕೂಡಿ, ಹೀಗೆ. ಮೂವತ್ತು ಡಿಗ್ರಿಗೆ ಈ ಲೆಕ್ಕ ಹಾಕಿದರೆ ಎರಡನೆಯ ಪದಕ್ಕೆ 0.49967, ಮೂರನೆಯದಕ್ಕೆ 0.500002, ನಾಲ್ಕನೆಯದಕ್ಕೆ ಏಳು ಸ್ಥಾನ ಸರಿಯಾಗಿ ಅರ್ಧ. ಇಂದಿನ ಕಂಪ್ಯೂಟರುಗಳು ಈ ಶ್ರೇಢಿಯನ್ನು ಹಾಗೇ ಬಳಸುವುದಿಲ್ಲ. ಎಲ್ಲಿ ಕತ್ತರಿಸುತ್ತೇವೆ ಎಂದು ಮೊದಲೇ ತೀರ್ಮಾನಿಸಿ, ಕತ್ತರಿಸಿದ್ದರಿಂದ ಬರುವ ತಪ್ಪು ಎಲ್ಲ ಕೋನಗಳಿಗೂ ಸಮನಾಗಿ ಹಂಚಿಹೋಗುವಂತೆ ಗುಣಕಗಳನ್ನು ಕೂದಲೆಳೆಯಷ್ಟು ಬದಲಾಯಿಸಿಕೊಳ್ಳುತ್ತವೆ. ವಿಧಾನ ಬೇರೆ, ಧೋರಣೆ ಮಾಧವನದೇ.

ಇಲ್ಲಿ ಒಬ್ಬ ಕಟ್ಟುನಿಟ್ಟಿನ ಗಣಿತಜ್ಞ ಅಡ್ಡ ಬರುತ್ತಾನೆ. ಶ್ರೇಢಿ ಒಂದು ನಿರ್ದಿಷ್ಟ ಬೆಲೆಗೆ ಹೋಗುತ್ತದೋ ಇಲ್ಲವೋ ಎಂದು ಮೊದಲು ಸಾಧಿಸದೆ ಉಳಿಕೆಯ ಮಾತಾಡುವುದು ಹೇಗೆ? ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಕೋಶಿ ಮತ್ತು ಆಬೆಲ್ ಕಲಿಸಿದ ಶಿಸ್ತು ಅದೇ, ಅದಕ್ಕೆ ಕಾರಣವೂ ಇತ್ತು. ಆ ಮೊದಲಿನವರು ಅಡ್ಡಾದಿಡ್ಡಿ ಕೂಡಿ ಅಸಂಬದ್ಧ ಉತ್ತರಗಳನ್ನೂ ಪಡೆಯುತ್ತಿದ್ದರು. ಆ ಶಿಸ್ತನ್ನು ನಾನು ತಳ್ಳಿಹಾಕುತ್ತಿಲ್ಲ. 1 + 1/2 + 1/3 + 1/4 … ಎಂಬ ಶ್ರೇಢಿಯನ್ನು 32 ಬಿಟ್‌ಗಳ ಸಂಖ್ಯೆಗಳಲ್ಲಿ ಕಂಪ್ಯೂಟರಿಗೆ ಕೂಡಲು ಕೊಟ್ಟರೆ ಇಪ್ಪತ್ತು ಲಕ್ಷ ಚಿಲ್ಲರೆ ಪದಗಳ ಹೊತ್ತಿಗೆ ಮೊತ್ತ 15.4ರ ಆಸುಪಾಸಿನಲ್ಲಿ ನಿಂತುಬಿಡುತ್ತದೆ. ಮುಂದಿನ ಪದಗಳು ಅದರ ಕೊನೆಯ ಅಂಕಿಯನ್ನೂ ಅಲುಗಿಸಲಾರವು. ಯಂತ್ರ ನಂಬಿದರೆ ಉತ್ತರ 15.4. ನಿಜದಲ್ಲಿ ಆ ಮೊತ್ತಕ್ಕೆ ಮಿತಿಯೇ ಇಲ್ಲ ಎಂದು ಫ್ರಾನ್ಸಿನ ಒರೆಮ್ ಹದಿನಾಲ್ಕನೆಯ ಶತಮಾನದಲ್ಲೇ ಸಾಧಿಸಿದ್ದ. ಸಾಧನೆ ಬೇಕು. ಆದರೆ ಅಷ್ಟಕ್ಕೇ ನಿಂತರೆ ಎರಡೂ ಕಡೆ ಮೋಸ ಹೋಗುತ್ತೇವೆ.

ಆನ್ರಿ ಪ್ವಾಂಕರೆ ಗ್ರಹಗಳ ಚಲನೆಯ ಬಗೆಗಿನ ತನ್ನ ದೊಡ್ಡ ಗ್ರಂಥದ ಎರಡನೆಯ ಸಂಪುಟದಲ್ಲಿ, 1893ರಲ್ಲಿ, ಎರಡು ಶ್ರೇಢಿಗಳನ್ನು ಎದುರುಬದುರು ಇಟ್ಟ. ಮೊದಲನೆಯದರ ಪದಗಳು ಸಾವಿರದ ಘಾತಗಳನ್ನು ಕ್ರಮಗುಣಿತದಿಂದ, ಅಂದರೆ 1, 1×2, 1×2×3 ಎಂದು ಬೆಳೆಯುವ ಸಂಖ್ಯೆಗಳಿಂದ, ಭಾಗಿಸಿದಂಥವು. ಎರಡನೆಯದು ಅದರ ತಲೆಕೆಳಗು. ಮೊದಲನೆಯದು ಕನ್ವರ್ಜ್ ಆಗುತ್ತದೆ ಎಂದು ಗಣಿತಜ್ಞ ಹೇಳುತ್ತಾನೆ. ಸರಿಯೇ, ಆದರೆ ಅದರ ಮೊದಲ ಸಾವಿರ ಪದಗಳು ಏರುತ್ತಲೇ ಹೋಗುತ್ತವೆ. ಎರಡನೆಯದರ ಪದಗಳು ಮೊದಲ ಸಾವಿರದವರೆಗೆ ಇಳಿಯುತ್ತ ಹೋಗಿ ಆಮೇಲೆ ಹುಚ್ಚೆದ್ದು ಬೆಳೆಯುತ್ತವೆ. ಗಣಿತಜ್ಞ ಅದನ್ನು ಮುಟ್ಟುವುದಿಲ್ಲ. ಖಗೋಳಜ್ಞ ಮೊದಲನೆಯದನ್ನು ಎಸೆದು ಎರಡನೆಯದನ್ನು ಎತ್ತಿಕೊಳ್ಳುತ್ತಾನೆ, ಏಕೆಂದರೆ ನಾಲ್ಕಾರು ಪದಗಳಲ್ಲಿ ಅವನಿಗೆ ಬೇಕಾದದ್ದು ಸಿಕ್ಕಿರುತ್ತದೆ. ಇಬ್ಬರೂ ಸರಿ ಎಂದ ಪ್ವಾಂಕರೆ, ಎರಡನೆಯ ಬಗೆಯ ಶ್ರೇಢಿಗಳಿಗೂ ಗಟ್ಟಿಯಾದ ಸಿದ್ಧಾಂತ ಕಟ್ಟಿಕೊಟ್ಟ.

ಕನ್ವರ್ಜ್ ಆಗಿಯೂ ಕೈಕೊಡುವ ಶ್ರೇಢಿಯನ್ನು ನೋಡಬೇಕೆಂದರೆ e ಎಂಬ ಸಂಖ್ಯೆಯ ಮೈನಸ್ 20ನೆಯ ಘಾತವನ್ನು ಪುಸ್ತಕದ ಸೂತ್ರದಿಂದ ಲೆಕ್ಕ ಹಾಕಿ: 1 − 20 + 200 − 1333.3 + … ನಡುವಿನ ಪದಗಳು ನಾಲ್ಕು ಕೋಟಿ ಮೂವತ್ತು ಲಕ್ಷಕ್ಕೂ ಮೇಲೆ ಹೋಗುತ್ತವೆ. ಬರಬೇಕಾದ ಉತ್ತರ ನೂರು ಕೋಟಿಯಲ್ಲಿ ಎರಡು ಭಾಗ. ಹದಿನಾರು ಅಂಕಿ ಹಿಡಿದಿಡುವ ಯಂತ್ರದಲ್ಲಿ ಆ ದೈತ್ಯ ಪದಗಳು ಒಂದನ್ನೊಂದು ಹೊಡೆದುಹಾಕುವಾಗ ಉದುರುವ ಚೂರುಗಳೇ ಉತ್ತರದಷ್ಟು ದೊಡ್ಡದಾಗಿರುತ್ತವೆ. ಪ್ಲಸ್ 20ಕ್ಕೆ ಲೆಕ್ಕ ಹಾಕಿ ಒಂದನ್ನು ಅದರಿಂದ ಭಾಗಿಸಿದರೆ ತೊಂದರೆಯೇ ಇಲ್ಲ. ಎರಡೂ ದಾರಿ ಗಣಿತದ ಕಣ್ಣಿಗೆ ಒಂದೇ.

ಕನ್ವರ್ಜ್ ಆಗದೆಯೂ ಕೆಲಸಕ್ಕೆ ಬರುವುದಕ್ಕೆ ಉದಾಹರಣೆ ಎಲೆಕ್ಟ್ರಾನ್. ಅದರ ಕಾಂತೀಯ ಬಲ ಸರಳ ಸಿದ್ಧಾಂತ ಹೇಳುವುದಕ್ಕಿಂತ ತುಸು ಹೆಚ್ಚು. ಆ ಹೆಚ್ಚಳದ ಮೊದಲ ಪದವನ್ನು, ಸುಮಾರು 0.00116, ಜೂಲಿಯನ್ ಶ್ವಿಂಗರ್ 1948ರಲ್ಲಿ ಲೆಕ್ಕ ಹಾಕಿದ. ಮುಂದಿನ ಪದಗಳು ಒಂದಕ್ಕಿಂತ ಒಂದು ಭಯಂಕರ. 2012ರಲ್ಲಿ ಪ್ರಕಟವಾದ ಐದನೆಯ ಹಂತಕ್ಕೆ 12,672 ರೇಖಾಚಿತ್ರಗಳ ಲೆಕ್ಕ ಬೇಕಾಯಿತು. ಪ್ರಯೋಗದ ಅಳತೆಯೊಂದಿಗೆ ಇದು ಲಕ್ಷ ಕೋಟಿಯಲ್ಲಿ ಒಂದು ಭಾಗದ ಸನಿಹಕ್ಕೆ ಕೂಡಿಬರುತ್ತದೆ. ಇಷ್ಟಾಗಿಯೂ ಈ ಶ್ರೇಢಿ ಕೊನೆಗೆ ಕನ್ವರ್ಜ್ ಆಗಲಾರದು ಎಂದು ಫ್ರೀಮನ್ ಡೈಸನ್ 1952ರಲ್ಲೇ ವಾದಿಸಿದ್ದ. ಭೌತವಿಜ್ಞಾನಿಗಳು ಅದನ್ನು ಒಪ್ಪಿಕೊಂಡೇ ಲೆಕ್ಕ ಮುಂದುವರಿಸಿದ್ದಾರೆ. ಪದಗಳು ಕೆರಳುವ ಜಾಗ ಬಹಳ ದೂರವಿದೆ ಎಂಬ ಅಂದಾಜು ಅವರಿಗೆ ಸಾಕು.

ಕತ್ತರಿಸುವ ಕಲೆಯಿಂದ ದಿನಬಳಕೆಗೆ ಬಂದದ್ದರಲ್ಲಿ ನಮಗೆ ಹತ್ತಿರದ್ದೊಂದಿದೆ. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ ಅಮೆರಿಕಕ್ಕೆ ಹೋದ ನಾಸಿರ್ ಅಹ್ಮದ್ ಅವರು ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರ ಜತೆಗೂಡಿ 1974ರಲ್ಲಿ ಒಂದು ಪುಟ್ಟ ಪ್ರಬಂಧ ಪ್ರಕಟಿಸಿದರು. ಯಾವ ಏರಿಳಿತವನ್ನೂ ನಯವಾದ ಅಲೆಗಳ ಮೊತ್ತವಾಗಿ ಬರೆಯಬಹುದು ಎಂದು ಫೂರಿಯೆ ಶಾಖದ ಹರಿವಿನ ಬಗೆಗಿನ 1822ರ ಪುಸ್ತಕದಲ್ಲಿ ತೋರಿಸಿದ್ದ. ಚಿತ್ರದ ಒಂದು ತುಣುಕಿಗೆ ಅದನ್ನು ಹಾಗೇ ಅನ್ವಯಿಸಿದರೆ ಒಂದು ತೊಡಕಿದೆ. ಫೂರಿಯೆಯ ಲೆಕ್ಕ ಆ ತುಣುಕನ್ನು ಒಂದರ ಪಕ್ಕ ಒಂದು ಜೋಡಿಸಿದಂತೆ ಭಾವಿಸುತ್ತದೆ. ಎಡ ಅಂಚು ಬೆಳಕಾಗಿ, ಬಲ ಅಂಚು ಕತ್ತಲಾಗಿ ಇದ್ದರೆ ಕೂಡುವ ಕಡೆ ಒಂದು ಹಠಾತ್ ಜಿಗಿತ ಬರುತ್ತದೆ, ಜಿಗಿತ ಇದ್ದಲ್ಲಿ ಪದಗಳು ನಿಧಾನವಾಗಿ ಕುಗ್ಗುತ್ತವೆ. ಅಹ್ಮದ್ ಮತ್ತು ಜತೆಗಾರರ ವಿಧಾನದಲ್ಲಿ ತುಣುಕು ಕನ್ನಡಿಯಲ್ಲಿ ಕಂಡಂತೆ ಮಡಚಿಕೊಳ್ಳುತ್ತದೆ, ಅಂಚಿಗೆ ಅಂಚು ಸೇರುತ್ತದೆ, ಜಿಗಿತ ಮಾಯ. ಪದಗಳು ಬೇಗ ಕುಗ್ಗುತ್ತವೆ, ಹೆಚ್ಚು ಪದಗಳನ್ನು ಎಸೆಯಬಹುದು. 1992ರಲ್ಲಿ ರೂಪುಗೊಂಡ ಜೆಪೆಗ್ ಮಾನದಂಡದಲ್ಲಿ ಪ್ರತಿ ಎಂಟಕ್ಕೆಂಟರ ಚೌಕಕ್ಕೆ 64 ಪದಗಳು. ಕಣ್ಣಿಗೆ ಗೊತ್ತಾಗದ ನವಿರಾದವುಗಳಲ್ಲಿ ಬಹುಪಾಲು ಸೊನ್ನೆಯಾಗುತ್ತವೆ. ಫೋನಿನಲ್ಲಿ ಓಡಾಡುವ ಮದುವೆಯ ಫೋಟೋಗಳು ಮುಖ್ಯವಾಗಿ ಹಾಗೆ ಎಸೆದದ್ದರಿಂದಲೇ ಹಗುರಾಗಿರುವುದು. 64 ಪದಗಳ ಮೊತ್ತ ಅನಂತವಲ್ಲ ಎಂದು ಯಾರಾದರೂ ತಕರಾರು ತೆಗೆಯಬಹುದು. ಆದರೆ ಯಾವುದನ್ನು ಬಿಡಬಹುದು ಎಂಬ ಅರಿವು ಬಂದದ್ದು ಅನಂತ ಶ್ರೇಢಿಯ ಪದಗಳು ಹೇಗೆ ಕುಗ್ಗುತ್ತವೆ ಎಂಬ ಅಧ್ಯಯನದಿಂದ. ಈ ಯೋಚನೆಗೆ ಧನಸಹಾಯ ಕೇಳಿ ಅಹ್ಮದ್ ಹಾಕಿದ್ದ ಅರ್ಜಿಯನ್ನು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಪುರಸ್ಕರಿಸಿರಲಿಲ್ಲ.

ಉಳಿಕೆಯನ್ನು ಮರೆತರೆ ಏನಾಗುತ್ತದೆ ಎನ್ನುವುದಕ್ಕೆ 1991ರ ಫೆಬ್ರವರಿ 25ರ ದಾಖಲೆ ಇದೆ. ಸೌದಿ ಅರೇಬಿಯಾದ ಧಹರಾನ್‌ನಲ್ಲಿ ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ಸಮಯವನ್ನು ಸೆಕೆಂಡಿನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ ಎಣಿಸುತ್ತಿತ್ತು. ನಮಗೆ 0.1 ಪುಟ್ಟ ಸಂಖ್ಯೆ. ಎರಡರ ಘಾತಗಳಲ್ಲೇ ಯೋಚಿಸುವ ಯಂತ್ರಕ್ಕೆ ಅದು 1/16 + 1/32 + 1/256 + 1/512 + … ಎಂಬ ಕೊನೆಯಿಲ್ಲದ ಶ್ರೇಢಿ. ಇಪ್ಪತ್ತನಾಲ್ಕು ಬಿಟ್‌ಗಳಿಗೆ ಕತ್ತರಿಸಿದಾಗ ಉಳಿದದ್ದು ಒಂದು ಕೋಟಿಯಲ್ಲಿ ಒಂದಕ್ಕಿಂತಲೂ ತುಸು ಕಡಿಮೆ. ಯಂತ್ರ ಸುಮಾರು ನೂರು ಗಂಟೆ ನಿಲ್ಲದೆ ಓಡಿತ್ತು. ಮೂವತ್ತಾರು ಲಕ್ಷ ಸಲ ಆ ಚಿಲ್ಲರೆ ಸೇರಿ ಗಡಿಯಾರ 0.34 ಸೆಕೆಂಡು ತಪ್ಪಿತು. ಸೆಕೆಂಡಿಗೆ ಒಂದೂವರೆ ಕಿಲೋಮೀಟರಿಗಿಂತ ವೇಗವಾಗಿ ಬರುತ್ತಿದ್ದ ಸ್ಕಡ್ ಕ್ಷಿಪಣಿಯನ್ನು ವ್ಯವಸ್ಥೆ ತಪ್ಪು ಜಾಗದಲ್ಲಿ ಹುಡುಕಿತು. ಬ್ಯಾರಕ್ಕಿನಲ್ಲಿದ್ದ 28 ಸೈನಿಕರು ಸತ್ತರು.

ಆಮೇಲಿನ ಸರ್ಕಾರಿ ತನಿಖೆಯಲ್ಲಿ ಕಂಡ ಒಂದು ವಿವರ ನನ್ನ ವಾದಕ್ಕೆ ಇನ್ನೂ ಹತ್ತಿರದ್ದು. ತಪ್ಪು ಸೇರುತ್ತಿದೆ ಎಂಬುದು ಎರಡು ವಾರ ಮೊದಲೇ ಗೊತ್ತಾಗಿತ್ತು. ‘ಬಹಳ ಹೊತ್ತು’ ಓಡಿಸಿದರೆ ಗುರಿ ಜರುಗಬಹುದು ಎಂಬ ಸೂಚನೆಯೂ ಹೋಗಿತ್ತು. ಬಹಳ ಹೊತ್ತು ಎಂದರೆ ಎಷ್ಟು ಗಂಟೆ ಎಂದು ಸೂಚನೆಯಲ್ಲಿ ಇರಲಿಲ್ಲ. ಓದಿದವರು ತಾವು ಅಷ್ಟು ಹೊತ್ತು ಓಡಿಸುವುದಿಲ್ಲ ಎಂದುಕೊಂಡರು. ತಿದ್ದಿದ ಸಾಫ್ಟ್‌ವೇರ್ ಧಹರಾನ್ ತಲುಪಿದ್ದು 26ರಂದು. ಗಣಿತ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ ಎಂದಲ್ಲ. ಪ್ರವೃತ್ತಿ ಗೊತ್ತಿತ್ತು, ಅಂಕಿ ಹೇಳಲಿಲ್ಲ.

ನಮ್ಮ ಪದವಿ ತರಗತಿಗಳು ಕಲಿಸುವುದೂ ಪ್ರವೃತ್ತಿಯನ್ನೇ. ಡಿ’ಅಲಂಬೇರ್ ಪರೀಕ್ಷೆ, ರಾಬೆ ಪರೀಕ್ಷೆ, ಕೋಶಿಯ ಮೂಲ ಪರೀಕ್ಷೆ. ಕನ್ವರ್ಜ್ ಆಗುತ್ತದೆ ಅಥವಾ ಇಲ್ಲ, ಅಡಿಗೆರೆ, ಮುಂದಿನ ಪ್ರಶ್ನೆ. ಎಂಜಿನಿಯರಿಂಗ್ ಪತ್ರಿಕೆಯಲ್ಲಿ ‘ನಾಲ್ಕನೇ ಘಾತದ ಪದದವರೆಗೆ ವಿಸ್ತರಿಸಿ’ ಎಂದಿರುತ್ತದೆ. ನಾಲ್ಕಕ್ಕೇ ಏಕೆ, ಐದನೆಯದನ್ನು ಬಿಟ್ಟಿದ್ದರಿಂದ ಎಷ್ಟು ಹೋಯಿತು ಎಂದು ಕೇಳಿದ ಪತ್ರಿಕೆಯನ್ನು ನಾನಂತೂ ಕಂಡಿಲ್ಲ. ಲಗ್ರಾಂಜ್‌ನ ಶೇಷಪದ ಪಠ್ಯದಲ್ಲಿದೆ. ಪ್ರಮೇಯದ ಸಾಧನೆಯ ಕೊನೆಯ ಸಾಲಾಗಿ, ಬಾಯಿಪಾಠ ಮಾಡುವುದಕ್ಕೆ. ಅದು ಒಂದು ಸಂಖ್ಯೆ, ಅದನ್ನು ಅಂದಾಜು ಮಾಡಬಹುದು, ಅದರ ಮೇಲೆ ಸೇತುವೆಯ ಭಾರ ನಿಂತಿರಬಹುದು ಎಂಬ ಸುಳಿವೂ ಸಿಗದೆ ಹುಡುಗರು ಪಾಸಾಗುತ್ತಾರೆ. ಸಮಯ ಸಾಲದು, ಸಿಲಬಸ್ ಭಾರವಾಗಿದೆ ಎಂದು ಅಧ್ಯಾಪಕರು ಹೇಳುವುದು ನಿಜ. ಹಾಗಿದ್ದರೆ ಪರೀಕ್ಷೆಗಳಲ್ಲಿ ಒಂದೆರಡನ್ನು ಕೈಬಿಡಲಿ. ರಾಬೆ ಪರೀಕ್ಷೆಯನ್ನು ಓದುಮುಗಿದ ಮೇಲೆ ಬಳಸಿದ ಎಂಜಿನಿಯರುಗಳು ಬಹಳ ಜನ ಇರಲಾರರು.

ಹೊಸ ಪಠ್ಯಪುಸ್ತಕವೇನೂ ಬೇಕಾಗಿಲ್ಲ. ಎರಡರ ಸ್ವಾಭಾವಿಕ ಲಾಗರಿದಮ್ ಹೇಗೂ ಪಾಠದಲ್ಲಿದೆ: 1 − 1/2 + 1/3 − 1/4 + … ಅದರ ಪಕ್ಕದಲ್ಲಿ ಅದೇ ಬೆಲೆಗೆ ಹೋಗುವ ಇನ್ನೊಂದು ಶ್ರೇಢಿ ಇಡಬಹುದು: 1/3, ಅದಕ್ಕೆ 1/3ರ ಘನದ ಮೂರನೇ ಒಂದು, ಐದನೇ ಘಾತದ ಐದನೇ ಒಂದು, ಏಳನೇ ಘಾತದ ಏಳನೇ ಒಂದು, ಹೀಗೆ ಕೂಡಿ ಎಲ್ಲಕ್ಕೂ ಸೇರಿ ಎರಡರಿಂದ ಗುಣಿಸುವುದು. ಇದರಲ್ಲಿ ನಾಲ್ಕು ಪದಕ್ಕೆ 0.693135 ಬರುತ್ತದೆ, ನಿಜ ಬೆಲೆ 0.693147. ಮೊದಲನೆಯದರಲ್ಲಿ ಇಷ್ಟೇ ಹತ್ತಿರ ಬರಲು ಎಷ್ಟು ಪದ ಕೂಡಬೇಕು ಎಂದು, ಕೂಡದೆ ಹೇಳಿ ಎಂಬುದು ಐದು ಅಂಕದ ಪ್ರಶ್ನೆ. ಉತ್ತರ ಸುಮಾರು ನಲವತ್ತು ಸಾವಿರ.